ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುವ ಡಿಸ್ಕ್: ಒಂದು ಸಹಕಾರಿ ಸಂಘದ ಶಾಖಾ ಸರ್ವರ್‌ಗಳ ಪ್ರಕರಣ

ಇದು ಮಲೆನಾಡಿನ ಒಂದು ಪತ್ತಿನ ಸಹಕಾರಿ ಸಂಘದ ಪ್ರಕರಣ. ಸಂಘದ ಹೆಸರು, ಊರು, ದಿನಾಂಕ, ಜನರ ಗುರುತು ಸಿಗುವ ವಿವರ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ತಾಂತ್ರಿಕ ವಿವರಗಳನ್ನು ಮಾತ್ರ ಪೂರ್ತಿ ಕೊಟ್ಟಿದೆ, ಏಕೆಂದರೆ ಇದೇ ವ್ಯವಸ್ಥೆಯನ್ನು ನಂಬಿಕೊಂಡಿರುವ ಸಣ್ಣ ಕಚೇರಿಗಳು ಬೇಕಾದಷ್ಟಿವೆ.

ಹಿನ್ನೆಲೆ

ಪ್ರಧಾನ ಕಚೇರಿ ಬಿಟ್ಟು ಸಂಘಕ್ಕೆ ಆರು ಶಾಖೆಗಳು. ಪ್ರತಿ ಶಾಖೆಯ ಕೌಂಟರಿನ ಕೆಳಗೆ ಒಂದು ಮಿನಿ ಪಿಸಿ, ಅದೇ ಶಾಖೆಯ ಸರ್ವರ್. ಅದರ 512 ಜಿಬಿ ಎಸ್‌ಎಸ್‌ಡಿಯಲ್ಲಿ ಸದಸ್ಯರ ಆಧಾರ್ ಪ್ರತಿ, ಸಹಿ ನಮೂನೆ, ಚಿನ್ನದ ಸಾಲದ ದಾಖಲೆ, ಠೇವಣಿ ವಿವರ ಎಲ್ಲವೂ ಇದ್ದವು. ಲಿನಕ್ಸ್ ವ್ಯವಸ್ಥೆ, ಅದರ ಸೇವೆಗಳನ್ನು ಏಳಿಸಿ ನಡೆಸುವ ಸಿಸ್ಟಮ್‌ಡಿ 255, ಬೂಟ್‌ನ ಮೊದಲ ಹಂತದಲ್ಲಿ ಓಡಿ ಡಿಸ್ಕ್ ತೆರೆಯುವ ಪುಟ್ಟ ವ್ಯವಸ್ಥೆಯಾದ ಇನಿಟ್‌ಆರ್‌ಡಿ ಕಟ್ಟಲು ಡ್ರಾಕಟ್ ಎಂಬ ಉಪಕರಣ. ಡಿಸ್ಕ್ ಪೂರ್ತಿ ಲಕ್ಸ್ 2 ಎಂಬ ಲಿನಕ್ಸ್ ವಿಧಾನದಲ್ಲಿ, ಕೀಲಿಯಿಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಆಗಿತ್ತು. ಹೊರಗಿದ್ದದ್ದು ಯಂತ್ರ ಏಳಲು ಬೇಕಾದ ಎರಡೇ ಸಣ್ಣ ವಿಭಾಗ: ಇಎಫ್‌ಐ ಮತ್ತು ಬೂಟ್.

ಮೊದಲು ಪಾಸ್‌ವರ್ಡ್ ಹೊಡೆದೇ ಯಂತ್ರ ಏಳಿಸುತ್ತಿದ್ದರು. ಮಳೆಗಾಲದಲ್ಲಿ ಅದು ನಡೆಯಲಿಲ್ಲ. ರಾತ್ರಿ ಕರೆಂಟು ಹೋಗುತ್ತದೆ, ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈಬಿಡುತ್ತದೆ, ಕರೆಂಟು ಬಂದಾಗ ಯಂತ್ರ ತಾನೇ ಆನ್ ಆಗಿ ಪಾಸ್‌ವರ್ಡಿಗಾಗಿ ಕಾಯುತ್ತಾ ಬೆಳಗಿನವರೆಗೆ ನಿಲ್ಲುತ್ತದೆ. ರಾತ್ರಿಯ ಬ್ಯಾಕಪ್ ತಪ್ಪುತ್ತದೆ. ಕೊನೆಗೆ ಎರಡು ಶಾಖೆಗಳಲ್ಲಿ ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೇ ಅಂಟಿಕೊಂಡಿತು. ಅದನ್ನು ಕಂಡ ತಂತ್ರಜ್ಞರು ಟಿಪಿಎಂ (ಯಂತ್ರದೊಳಗೆ ಕೀಲಿ ಕಾಯುವ ಭದ್ರತಾ ಚಿಪ್) ಮೂಲಕ ತಾನಾಗಿ ತೆರೆಯುವ ವ್ಯವಸ್ಥೆ ಮಾಡಿದರು. ಈ ನಿರ್ಧಾರವನ್ನು ಮೂರ್ಖತನ ಎನ್ನಲಾಗದು. ಮಾನಿಟರಿಗೆ ಅಂಟಿದ ಪಾಸ್‌ವರ್ಡಿಗಿಂತ ಟಿಪಿಎಂ ಖಂಡಿತ ಮೇಲು. ತೊಂದರೆ ಇದ್ದದ್ದು ಅದನ್ನು ಯಾವುದಕ್ಕೆ ಕಟ್ಟಿದ್ದರು ಎಂಬಲ್ಲಿ.

ಟಿಪಿಎಂ ಒಳಗೆ ಪಿಸಿಆರ್ ಎಂಬ ದಾಖಲೆ ಕೋಶಗಳಿವೆ. ಬೂಟ್ ಆಗುವಾಗ ಪ್ರತಿ ಹಂತವೂ ಮುಂದಿನ ಹಂತದ ಹ್ಯಾಶ್ ಅನ್ನು (ಬೆರಳಚ್ಚಿನಂಥ ಸಂಖ್ಯೆ) ಇವುಗಳಿಗೆ ಸೇರಿಸುತ್ತಾ ಹೋಗುತ್ತದೆ. ಸೇರಿಸಬಹುದು, ಅಳಿಸಲಾಗದು, ಯಂತ್ರ ರೀಸೆಟ್ ಆದಾಗಲೇ ಸೊನ್ನೆಗೆ ಬರುವುದು. ಡಿಸ್ಕಿನ ಕೀಲಿಯನ್ನು ಕೆಲವು ಪಿಸಿಆರ್ ಮೌಲ್ಯಗಳಿಗೆ ಸೀಲ್ ಮಾಡಿದರೆ, ಆ ಮೌಲ್ಯಗಳು ಹಾಗೇ ಇದ್ದಾಗ ಮಾತ್ರ ಟಿಪಿಎಂ ಕೀಲಿ ಕೊಡುತ್ತದೆ. ಸಂಘದ ಯಂತ್ರಗಳಲ್ಲಿ ಕಟ್ಟಿದ್ದು ಪಿಸಿಆರ್ 7ಕ್ಕೆ ಮಾತ್ರ. ಬಹುತೇಕ ಮಾರ್ಗದರ್ಶಿಗಳು ಹೇಳಿಕೊಡುವುದೂ ಅದನ್ನೇ. ಪಿಸಿಆರ್ 7ರಲ್ಲಿ ದಾಖಲಾಗುವುದು ಸೆಕ್ಯೂರ್ ಬೂಟ್ (ಒಪ್ಪಿದ ಸಹಿಯಿರುವ ಬೂಟ್ ಕಡತಗಳನ್ನಷ್ಟೇ ಓಡಿಸುವ ವ್ಯವಸ್ಥೆ) ಆನ್ ಇದೆಯೇ, ಅದರ ಕೀಲಿ ಪಟ್ಟಿಗಳಲ್ಲಿ ಏನಿದೆ, ಬೂಟ್‌ಲೋಡರಿನ ಸಹಿಯನ್ನು ಯಾವ ಪ್ರಮಾಣಪತ್ರ ಒಪ್ಪಿತು ಎಂಬುದು. ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಕೊಟ್ಟ ಆದೇಶ ಸಾಲು ಅದರಲ್ಲಿಲ್ಲ. ಇನಿಟ್‌ಆರ್‌ಡಿ ಅದರಲ್ಲಿಲ್ಲ. ಸಮವಸ್ತ್ರ ಒಂದನ್ನೇ ನೋಡಿ ಲಾಕರ್ ಕೋಣೆಗೆ ಬಿಡುವ ಕಾವಲುಗಾರನ ಹಾಗೆ ಅದು ಕೆಲಸ ಮಾಡುತ್ತದೆ.

ಕಳವು, ಮತ್ತು ಒಂದು ಪ್ರಶ್ನೆ

ಒಂದು ಶಾಖೆಯ ಬೀಗ ಒಡೆದು ಕಳವಾಯಿತು. ಹೋದ ವಸ್ತುಗಳಲ್ಲಿ ಸರ್ವರ್ ಪೆಟ್ಟಿಗೆಯೂ ಸೇರಿತ್ತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಸದಸ್ಯರ ಮಾಹಿತಿಗೆ ಅಪಾಯವಿಲ್ಲ ಎಂದು ಆಡಳಿತ ಮಂಡಳಿಗೆ ವರದಿ ಸಿದ್ಧವಾಯಿತು. ಅದನ್ನು ಓದಿದ ಲೆಕ್ಕಪರಿಶೋಧಕರು ತಂತ್ರಜ್ಞರನ್ನು ಕರೆಸಿದರು.

“ಮೆಷಿನ್ ಆನ್ ಮಾಡಿದಾಗ ಪಾಸ್‌ವರ್ಡ್ ಯಾರು ಹೊಡೀತಾರೆ?”

“ಯಾರೂ ಹೊಡೀಬೇಕಾಗಿಲ್ಲ ಸರ್, ತಾನೇ ಓಪನ್ ಆಗುತ್ತೆ.”

“ಹಾಗಾದ್ರೆ ಕದ್ದವನ ಮನೇಲೂ ತಾನೇ ಓಪನ್ ಆಗುತ್ತಲ್ರಿ?”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಡಿಸ್ಕ್ ಒಂದನ್ನೇ ಬಿಚ್ಚಿ ಒಯ್ದಿದ್ದರೆ ಟಿಪಿಎಂ ಕಾಪಾಡುತ್ತಿತ್ತು. ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಕೀಲಿಯೂ ಬೀಗವೂ ಒಟ್ಟಿಗೇ ಹೋದ ಹಾಗೆ. ಆಮೇಲೆ ಉಳಿಯುವ ಪ್ರಶ್ನೆ ಒಂದೇ: ತಾನಾಗಿ ತೆರೆದ ಮೇಲೆ ಲಾಗಿನ್ ಪರದೆಯಲ್ಲಿ ಬಂದು ನಿಲ್ಲುವ ಯಂತ್ರವನ್ನು ದಾರಿಯಲ್ಲೇ ಬೇರೆ ಕಡೆ ತಿರುಗಿಸಬಹುದೇ?

ವರದಿಯನ್ನು ತಡೆಹಿಡಿದು, ಅದೇ ಮಾದರಿಯ ಒಂದು ಬಿಡಿ ಯಂತ್ರಕ್ಕೆ ಅದೇ ವ್ಯವಸ್ಥೆ ಹಾಕಿ, ಪಾಸ್‌ವರ್ಡ್ ಗೊತ್ತಿಲ್ಲದವರ ಕೈಗೆ ಕೊಟ್ಟರು. ಪ್ರಯತ್ನಿಸಿದ ಮೂರು ದಾರಿಗಳಲ್ಲೂ ಅದು ತೆರೆದುಕೊಂಡಿತು. ಮೊದಲನೆಯದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಕರ್ನಲ್ ಏಳಿಸುವ ಬೂಟ್‌ಲೋಡರ್ ಆದ ಗ್ರಬ್‌ನ ಪಟ್ಟಿಯಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ಮೊದಲ ಪ್ರೋಗ್ರಾಮ್ ಆಗಿ ಆದೇಶ ಪಡೆದು ನಡೆಸುವ ಬ್ಯಾಶ್ ಶೆಲ್ ಅನ್ನು ಕರೆಯುವ ಮಾತು ಸೇರಿಸಿದರು. ಟಿಪಿಎಂ ಎಂದಿನಂತೆ ಕೀಲಿ ಕೊಟ್ಟಿತು, ಡಿಸ್ಕ್ ತೆರೆಯಿತು, ಲಾಗಿನ್ ಬದಲು ಎಲ್ಲ ಅಧಿಕಾರವೂ ಇರುವ ರೂಟ್ ಶೆಲ್ ಬಂತು. ಎರಡನೆಯದು ಅದೇ ವಿತರಣೆಯ ಲೈವ್ ಯುಎಸ್‌ಬಿ. ಅದೇ ಶಿಮ್ (ಎಲ್ಲಕ್ಕೂ ಮೊದಲು ಓಡುವ ಸಹಿಯಾದ ಬೂಟ್ ಕಡತ), ಅದೇ ಪ್ರಮಾಣಪತ್ರ, ಹಾಗಾಗಿ ಪಿಸಿಆರ್ 7 ಕೂಡ ಅದೇ; ಟಿಪಿಎಂಗೆ ವ್ಯತ್ಯಾಸವೇ ಕಾಣಲಿಲ್ಲ. ಮೂರನೆಯದರಲ್ಲಿ ಬೂಟ್ ವಿಭಾಗದ ಇನಿಟ್‌ಆರ್‌ಡಿ ಕಡತ ಬಿಚ್ಚಿ ಒಂದು ಸಾಲು ಸೇರಿಸಿ ಮತ್ತೆ ಕಟ್ಟಿದರು. ಆ ಕಡತಕ್ಕೆ ಸಹಿಯೂ ಇಲ್ಲ, ಪಿಸಿಆರ್ 7ರಲ್ಲಿ ಲೆಕ್ಕವೂ ಇಲ್ಲ.

ಬೂಟ್ ದಾರಿಯಲ್ಲಿನ ಇಂಥ ಬಿರುಕುಗಳು ಹೊಸವಲ್ಲ. ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡು ಒತ್ತಿ ಹಿಡಿದರೆ ಇನಿಟ್‌ಆರ್‌ಡಿಯ ರೂಟ್ ಶೆಲ್ ಸಿಗುತ್ತಿದ್ದ ದೋಷ 2016ರಲ್ಲೇ ಬೆಳಕಿಗೆ ಬಂದಿತ್ತು. ಆಗ ಡಿಸ್ಕ್ ಮುಚ್ಚಿಯೇ ಇರುತ್ತಿದ್ದರಿಂದ ಹಾನಿ ಕಡಿಮೆ. ಟಿಪಿಎಂ ತಾನಾಗಿ ಕೀಲಿ ಕೊಡುವ ಯಂತ್ರದಲ್ಲಿ ಅಂಥದೇ ಶೆಲ್ ಸಿಕ್ಕಿದರೆ ಡಿಸ್ಕೇ ಸಿಕ್ಕಂತೆ.

ಮಂಡಳಿಗೆ ಹೋದ ವರದಿ ಬದಲಾಯಿತು: ಮಾಹಿತಿ ಸೋರಿದೆ ಎಂದೇ ತಿಳಿದು ನಡೆಯಬೇಕು. ಆ ಯಂತ್ರದಲ್ಲಿದ್ದ ಬ್ಯಾಕಪ್ ಕೀಲಿ, ಡೇಟಾಬೇಸ್ ಪಾಸ್‌ವರ್ಡ್, ಪ್ರಧಾನ ಕಚೇರಿಯ ಲಾಗಿನ್ ಎಲ್ಲವನ್ನೂ ಅದೇ ದಿನ ಬದಲಿಸಿದರು. ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ‘ಎನ್‌ಕ್ರಿಪ್ಟ್ ಆಗಿದೆ’ ಎಂಬ ಒಂದು ಮಾತಿನ ಮೇಲೆ ಸುಮ್ಮನಾಗಿದ್ದರೆ ಈ ಯಾವುದೂ ನಡೆಯುತ್ತಿರಲಿಲ್ಲ.

ಮೊದಲ ದುರಸ್ತಿ

ಉಳಿದ ಐದು ಶಾಖೆಗಳಲ್ಲಿ ಗ್ರಬ್ ತೆಗೆದರು. ಕರ್ನಲ್, ಇನಿಟ್‌ಆರ್‌ಡಿ, ಆದೇಶ ಸಾಲು ಮೂರನ್ನೂ ಒಂದೇ ಇಎಫ್‌ಐ ಕಡತವಾಗಿ ಕಟ್ಟಿ, ಸಂಘದ ಸ್ವಂತ ಸೆಕ್ಯೂರ್ ಬೂಟ್ ಕೀಲಿಯಿಂದ ಸಹಿ ಹಾಕಿದರು. ಇದಕ್ಕೆ ಏಕೀಕೃತ ಕರ್ನಲ್ ಇಮೇಜ್ ಎನ್ನುತ್ತಾರೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಇಂಥ ಕಡತ ತನ್ನೊಳಗಿನ ಆದೇಶ ಸಾಲನ್ನೇ ಬಳಸುತ್ತದೆ, ಹೊರಗಿನಿಂದ ಕೊಟ್ಟದ್ದನ್ನು ಕೇಳುವುದಿಲ್ಲ. ಇನಿಟ್‌ಆರ್‌ಡಿಯ ತುರ್ತು ಶೆಲ್ ಮುಚ್ಚಿದರು. ರೂಟ್, ಅಂದರೆ ವ್ಯವಸ್ಥೆಯ ಮುಖ್ಯ ಕಡತಗಳಿರುವ ವಿಭಾಗ, ಸಿಗದಿದ್ದರೆ ಯಂತ್ರ ನಿಂತುಬಿಡುತ್ತದೆ. ಸಹಿ ಹಾಕುವ ಕೀಲಿ ಪ್ರಧಾನ ಕಚೇರಿಯ ಒಂದು ಯಂತ್ರದಲ್ಲಿ ಮಾತ್ರ. ಶಾಖೆಗೆ ಹೋಗುವುದು ಸಹಿಯಾದ ಕಡತ, ಕೀಲಿಯಲ್ಲ.

ಸ್ವಂತ ಕೀಲಿ ಹಾಕುವವರಿಗೆ ಇಲ್ಲೊಂದು ಎಚ್ಚರಿಕೆ. ಮೈಕ್ರೋಸಾಫ್ಟ್ ಪ್ರಮಾಣಪತ್ರಗಳನ್ನು ಪೂರ್ತಿ ಅಳಿಸಿದರೆ, ಅವುಗಳಿಂದ ಸಹಿಯಾದ ಫರ್ಮ್‌ವೇರ್ ಇರುವ ಗ್ರಾಫಿಕ್ಸ್ ಕಾರ್ಡ್ ಅಥವಾ ನೆಟ್‌ವರ್ಕ್ ಕಾರ್ಡ್ ಏಳದೇ ಹೋಗಬಹುದು, ಕೆಲವು ಯಂತ್ರಗಳಲ್ಲಿ ಪರದೆಯೇ ಬರುವುದಿಲ್ಲ. ಬಿಡಿ ಯಂತ್ರದಲ್ಲಿ ನೋಡದೆ ಅಳಿಸಬಾರದು. ಅವನ್ನು ಉಳಿಸಿಕೊಂಡರೂ ಟಿಪಿಎಂ ದೃಷ್ಟಿಯಿಂದ ದೊಡ್ಡ ನಷ್ಟವಿಲ್ಲ, ಏಕೆಂದರೆ ಯಾವ ಪ್ರಮಾಣಪತ್ರದಿಂದ ಬೂಟ್ ಆಯಿತೆಂಬುದು ಪಿಸಿಆರ್ 7ರಲ್ಲೇ ಬೇರೆಯಾಗಿ ಕಾಣುತ್ತದೆ.

ಟಿಪಿಎಂ ಸೀಲ್ ಅನ್ನು ಪಿಸಿಆರ್ 7ರ ಜೊತೆಗೆ ಪಿಸಿಆರ್ 11ಕ್ಕೂ ಕಟ್ಟಿದರು. ಏಕೀಕೃತ ಇಮೇಜಿನ ಒಳಗಿನ ಭಾಗಗಳೆಲ್ಲ 11ರಲ್ಲಿ ಅಳತೆಯಾಗುತ್ತವೆ. ಕರ್ನಲ್ ಬದಲಾದಾಗಲೆಲ್ಲ ಮತ್ತೆ ಸೀಲ್ ಮಾಡುವ ತಾಪತ್ರಯ ತಪ್ಪಿಸಲು, ನಿರೀಕ್ಷಿತ ಮೌಲ್ಯಕ್ಕೆ ಇನ್ನೊಂದು ಕೀಲಿಯಿಂದ ಸಹಿ ಹಾಕಿ ಆ ಸಹಿಯನ್ನು ಇಮೇಜಿನೊಳಗೇ ಇಡುವ ಸೌಲಭ್ಯ ಸಿಸ್ಟಮ್‌ಡಿಯಲ್ಲಿದೆ. ಅದನ್ನು ಬಳಸಿದರು. ಹಳೆಯ ಮೂರೂ ದಾರಿಗಳನ್ನು ಮತ್ತೆ ಪರೀಕ್ಷಿಸಿದಾಗ ಒಂದೂ ನಡೆಯಲಿಲ್ಲ. ಕೆಲಸ ಮುಗಿಯಿತೆಂದೇ ಎಲ್ಲರೂ ತಿಳಿದರು.

ಸಹಿ ಸರಿಯಿದೆ, ಡಿಸ್ಕೇ ಬೇರೆ

2025ರ ಜನವರಿಯಲ್ಲಿ ಲಿನಕ್ಸಿನ ತಾನಾಗಿ ತೆರೆಯುವ ವ್ಯವಸ್ಥೆಗಳನ್ನು ದಾಟುವ ಒಂದು ವಿಧಾನ ಸಾರ್ವಜನಿಕವಾಗಿ ಪ್ರಕಟವಾಗಿತ್ತು. ಅದರಲ್ಲಿ ಬೂಟ್ ಕಡತಗಳನ್ನು ಮುಟ್ಟುವುದೇ ಇಲ್ಲ, ಡಿಸ್ಕಿನ ವಿಭಾಗವನ್ನೇ ಬದಲಿಸುತ್ತಾರೆ. ವಿಭಾಗದ ಮೊದಲಲ್ಲಿರುವ ಲಕ್ಸ್ ಹೆಡರಿನ ಯುಯುಐಡಿ (ವಿಭಾಗದ ಗುರುತಿನ ಸಂಖ್ಯೆ) ಗುಟ್ಟಲ್ಲ, ಯಾರು ಬೇಕಾದರೂ ಓದಬಹುದು. ಅಸಲಿ ವಿಭಾಗದ ಪ್ರತಿ ತೆಗೆದಿಟ್ಟು, ಅದೇ ಯುಯುಐಡಿ ಇರುವ, ತನಗೆ ಗೊತ್ತಿರುವ ಪಾಸ್‌ವರ್ಡಿನ ಹೊಸ ಲಕ್ಸ್ ವಿಭಾಗವನ್ನು ಆಕ್ರಮಣಕಾರ ಆ ಜಾಗದಲ್ಲಿ ಕೂರಿಸುತ್ತಾನೆ. ಟಿಪಿಎಂ ಕೀಲಿ ಈ ನಕಲಿಗೆ ಹೊಂದುವುದಿಲ್ಲ, ಇನಿಟ್‌ಆರ್‌ಡಿ ಸಹಜವಾಗಿಯೇ ಪಾಸ್‌ವರ್ಡ್ ಕೇಳುತ್ತದೆ. ಅವನು ಹೊಡೆಯುತ್ತಾನೆ. ನಕಲಿ ರೂಟ್ ಏಳುತ್ತದೆ, ಅದರೊಳಗಿನ ಅವನ ಪ್ರೋಗ್ರಾಮ್ ಓಡುತ್ತದೆ. ಆ ಹೊತ್ತಿಗೆ ಪಿಸಿಆರ್ ಮೌಲ್ಯಗಳೆಲ್ಲ ಸಾಚಾ ಯಂತ್ರದವೇ, ಏಕೆಂದರೆ ಬೂಟ್ ಆದದ್ದು ಸಾಚಾ ಕರ್ನಲ್. ಅಲ್ಲಿಂದ ಅಸಲಿ ಹೆಡರ್ ತೋರಿಸಿ ಕೇಳಿದರೆ ಟಿಪಿಎಂ ಅಸಲಿ ಕೀಲಿಯನ್ನು ಕೊಟ್ಟುಬಿಡುತ್ತದೆ.

ಅಂದರೆ ಯಾವ ಕೋಡ್ ಓಡಿತು ಎಂಬುದಕ್ಕೆ ಟಿಪಿಎಂ ಸಾಕ್ಷಿ ಹೇಳುತ್ತದೆಯೇ ಹೊರತು, ಆ ಕೋಡ್ ಯಾವ ಡಿಸ್ಕನ್ನು ತೆರೆದು ಅದಕ್ಕೆ ಅಧಿಕಾರ ಒಪ್ಪಿಸಿತು ಎಂಬುದಕ್ಕೆ ಅಲ್ಲ. ಸೆಕ್ಯೂರ್ ಬೂಟ್ ಸರಪಳಿಯನ್ನು ಎಷ್ಟೇ ಬಿಗಿ ಮಾಡಿದರೂ ಈ ತೂತು ಮುಚ್ಚುವುದಿಲ್ಲ.

ಬಿಡಿ ಯಂತ್ರದಲ್ಲಿ ಇದನ್ನು ಪರೀಕ್ಷಿಸುವಾಗ ತಂತ್ರಜ್ಞರಿಗೆ ಒಂದು ಭರವಸೆ ಇತ್ತು. ಇನಿಟ್‌ಆರ್‌ಡಿ ಹಂತ ಮುಗಿಯುವಾಗ ಸಿಸ್ಟಮ್‌ಡಿ ಪಿಸಿಆರ್ 11ಕ್ಕೆ ಇನ್ನೊಂದು ಗುರುತು ಸೇರಿಸುತ್ತದೆ, ಆದ್ದರಿಂದ ನಕಲಿ ರೂಟ್ ಓಡುವ ಹೊತ್ತಿಗೆ ಮೌಲ್ಯ ಬದಲಾಗಿ ಟಿಪಿಎಂ ನಿರಾಕರಿಸಬೇಕು. ನಿರಾಕರಿಸಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಸಹಿ ಹಾಕುವ ಉಪಕರಣದ ಪೂರ್ವನಿಯೋಜಿತ ನಡವಳಿಕೆ: ಹಂತ ಯಾವುದೆಂದು ನಾವು ಹೇಳದಿದ್ದರೆ ಅದು ನಾಲ್ಕು ಹಂತಗಳ ಮೌಲ್ಯಗಳಿಗೂ ಸಹಿ ಹಾಕುತ್ತದೆ. ಇನಿಟ್‌ಆರ್‌ಡಿ ಪ್ರವೇಶ, ಅಲ್ಲಿಂದ ನಿರ್ಗಮನ, ವ್ಯವಸ್ಥೆ ಏಳುವುದು, ಸಿದ್ಧವಾಗುವುದು. ನಾಲ್ಕಕ್ಕೂ ಸಹಿ ಇದ್ದರೆ ಯಂತ್ರ ಪೂರ್ತಿ ಎದ್ದ ಮೇಲೂ ಟಿಪಿಎಂ ಕೀಲಿ ಕೊಡುತ್ತದೆ. ರೂಟ್ ಡಿಸ್ಕಿಗೆ ಬೇಕಾದದ್ದು ಮೊದಲನೆಯ ಹಂತ ಮಾತ್ರ.

ಹೀಗಾಗಿ ಎರಡನೆಯ ಸುತ್ತಿನಲ್ಲಿ ಬದಲಾವಣೆಗಳು ಹಲವು. ಸಹಿಯನ್ನು ಇನಿಟ್‌ಆರ್‌ಡಿ ಪ್ರವೇಶದ ಹಂತಕ್ಕೆ ಮಾತ್ರ ಸೀಮಿತ ಮಾಡಿದರು. ತೆರೆದ ಡಿಸ್ಕಿನ ವಾಲ್ಯೂಮ್ ಕೀಲಿಯನ್ನು (ಮಾಹಿತಿಯನ್ನು ನಿಜವಾಗಿ ಎನ್‌ಕ್ರಿಪ್ಟ್ ಮಾಡುವ ಒಳಗಿನ ಕೀಲಿ) ಪಿಸಿಆರ್ 15ಕ್ಕೆ ಅಳೆಯುವ ಆಯ್ಕೆಯನ್ನು ಇನಿಟ್‌ಆರ್‌ಡಿಯ ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ಆನ್ ಮಾಡಿದರು, ಟಿಪಿಎಂ ಸೀಲ್‌ಗೆ ಪಿಸಿಆರ್ 15 ಸೊನ್ನೆಯಾಗಿಯೇ ಇರಬೇಕೆಂಬ ಷರತ್ತು ಸೇರಿಸಿದರು. ಹ್ಯಾಶ್ ಷಾ-256 ಬಗೆಯದಾದ್ದರಿಂದ ಬರೆಯುವಾಗ 64 ಸೊನ್ನೆ. ಹೀಗೆ ಮಾಡಿದರೆ ಅಸಲಿಯೋ ನಕಲಿಯೋ ಒಂದು ಡಿಸ್ಕ್ ತೆರೆದ ತಕ್ಷಣ 15 ಸೊನ್ನೆಯಾಗಿ ಉಳಿಯುವುದಿಲ್ಲ, ಮುಂದಿನ ರೀಸೆಟ್‌ವರೆಗೆ ಟಿಪಿಎಂ ಮತ್ತೆ ಕೀಲಿ ಬಿಡುವುದಿಲ್ಲ. ಇದರ ಮೇಲೆ, ರೂಟಿಗೆ ಅಧಿಕಾರ ಒಪ್ಪಿಸುವ ಮುನ್ನ ಪಿಸಿಆರ್ 15ರ ಮೌಲ್ಯವನ್ನು ಆ ಯಂತ್ರದ ನಿರೀಕ್ಷಿತ ಮೌಲ್ಯದೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ಯಂತ್ರ ನಿಲ್ಲಿಸುವ ಸಣ್ಣ ಸೇವೆಯನ್ನೂ ಇನಿಟ್‌ಆರ್‌ಡಿಗೆ ಸೇರಿಸಿದರು.

ಅಷ್ಟಾದರೂ ಪಿಸಿಆರ್ 15ರ ಷರತ್ತಿನಲ್ಲಿ ಒಂದು ಸಂದಿ ಉಳಿದಿತ್ತು. ಆದೇಶ ಸಾಲಿನಲ್ಲಿ ರೂಟ್ ಅನ್ನು ಫೈಲ್ ಸಿಸ್ಟಮ್ ಯುಯುಐಡಿಯಿಂದ ಹೆಸರಿಸಿದ್ದರು. ಇಮೇಜಿಗೆ ಸಹಿ ಇದೆಯೇ ಹೊರತು ಅದು ಗುಟ್ಟಲ್ಲ. ಇಎಫ್‌ಐ ವಿಭಾಗದಿಂದ ಆ ಯುಯುಐಡಿ ಓದಿಕೊಂಡು, ಎನ್‌ಕ್ರಿಪ್ಷನ್ನೇ ಇಲ್ಲದ ಬರಿಯ ವಿಭಾಗಕ್ಕೆ ಅದೇ ಯುಯುಐಡಿ ಕೊಟ್ಟರೆ ಯಾವ ಡಿಸ್ಕೂ ತೆರೆಯದೆ ರೂಟ್ ಏಳುತ್ತದೆ, ಪಿಸಿಆರ್ 15 ಸೊನ್ನೆಯಾಗಿಯೇ ಉಳಿಯುತ್ತದೆ; ಆಗ ತಡೆಯಾಗಿ ಉಳಿಯುವುದು ಹಂತದ ಸಹಿ ಮತ್ತು ಹೋಲಿಸುವ ಆ ಸೇವೆ ಮಾತ್ರ. ರೂಟನ್ನು ಲಕ್ಸ್ ತೆರೆದ ಮೇಲೆ ಮಾತ್ರ ಹುಟ್ಟುವ ಮ್ಯಾಪರ್ ಹೆಸರಿನಿಂದ ಸೂಚಿಸಿ ಇದನ್ನು ಮುಚ್ಚಿದರು.

ಹಳೆಯದು ಹೋಗುವುದಿಲ್ಲ

ಎರಡನೆಯ ಸುತ್ತು ಮುಗಿಸಿ ಒಂದು ಶಾಖೆಯ ಹೆಡರ್ ಪರಿಶೀಲಿಸಿದಾಗ ಟಿಪಿಎಂ ಸ್ಲಾಟ್ (ಡಿಸ್ಕ್ ತೆರೆಯುವ ಒಂದೊಂದು ಕೀಲಿಗೂ ಹೆಡರಿನಲ್ಲಿರುವ ಜಾಗ) ಒಂದಿರಬೇಕಾದಲ್ಲಿ ಮೂರಿದ್ದವು. ಹೊಸದಾಗಿ ನೋಂದಾಯಿಸಿದರೆ ಹಳೆಯದು ತಾನಾಗಿ ಅಳಿಯುವುದಿಲ್ಲ, ಅಳಿಸು ಎಂದು ಬೇರೆಯಾಗಿ ಹೇಳಬೇಕು. ಅತ್ಯಂತ ಹಳೆಯ ಸ್ಲಾಟ್ ಪಿಸಿಆರ್ 7ಕ್ಕೆ ಮಾತ್ರ ಕಟ್ಟಿದ್ದು. ಈಗ ಕೀಲಿಗಳು ಬದಲಾಗಿರುವುದರಿಂದ ಅದು ತೆರೆಯುವುದಿಲ್ಲವಲ್ಲ ಎಂದು ವಾದಿಸಬಹುದು. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಕೀಲಿಗಳನ್ನು ಕಾರ್ಖಾನೆ ಸ್ಥಿತಿಗೆ ತಂದು, ಹಳೆಯ ವಿತರಣೆಯ ಲೈವ್ ಯುಎಸ್‌ಬಿ ಹಾಕಿದಾಗ ಪಿಸಿಆರ್ 7 ಹಳೆಯ ಮೌಲ್ಯಕ್ಕೇ ಮರಳಿತು. ಡಿಸ್ಕ್ ತೆರೆಯಿತು. ಎರಡು ಸುತ್ತಿನ ದುಡಿಮೆಯನ್ನು ಉಳಿದ ಒಂದು ಸ್ಲಾಟ್ ನೀರುಪಾಲು ಮಾಡಿತ್ತು.

ಸ್ಲಾಟ್ ಅಳಿಸಿದರೂ ಸಾಲದು. ಯಾರಾದರೂ ಮೊದಲೇ ಹೆಡರಿನ ಪ್ರತಿ ತೆಗೆದಿಟ್ಟಿದ್ದರೆ ಹಳೆಯ ಸೀಲ್ ಅವರ ಬಳಿ ಇದೆ, ಒಳಗಿನ ವಾಲ್ಯೂಮ್ ಕೀಲಿಯೂ ಅದೇ. ಅದನ್ನು ಬದಲಿಸಲು ಡಿಸ್ಕನ್ನೇ ಮರು ಎನ್‌ಕ್ರಿಪ್ಟ್ ಮಾಡಬೇಕು. ಲಕ್ಸ್ 2ರಲ್ಲಿ ಯಂತ್ರ ಓಡುತ್ತಿರುವಾಗಲೇ ಇದು ಸಾಧ್ಯ, ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಸಂಘದವರು ಡಿಸ್ಕ್ ಅಳಿಸಿ ಹೊಸದಾಗಿ ಕಟ್ಟುವುದನ್ನೇ ಆರಿಸಿಕೊಂಡರು. ಯಾವ ಹಳೆಯ ತುಣುಕು ಎಲ್ಲಿ ಉಳಿದಿದೆ ಎಂದು ಹುಡುಕುವುದಕ್ಕಿಂತ ಅದು ಸುಲಭ, ಮತ್ತು ಅದೇ ಸರಿಯಾದ ನಿರ್ಧಾರ.

ಇದೇ ಬಗೆಯ ಇನ್ನೊಂದು ಉಳಿಕೆ ಹಳೆಯ ಏಕೀಕೃತ ಇಮೇಜುಗಳು. ನಾಲ್ಕು ಹಂತದ ಸಹಿ ಹೊತ್ತ, ಪಿಸಿಆರ್ 15 ಅಳೆಯದ ಹಳೆಯ ಇಮೇಜ್ ಒಂದನ್ನು ಕಾಪಿ ಮಾಡಿಟ್ಟವರು ಅದರಿಂದಲೇ ಬೂಟ್ ಮಾಡಬಹುದು. ಅದರ ಸಹಿ ಇನ್ನೂ ಸಾಚಾ. ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್ ಮೇಲಿನ ‘ಬಿಟ್‌ಪಿಕ್ಸಿ’ ದಾಳಿ ನಿಂತಿರುವುದೂ ಇಂಥದೇ ನೆಲದ ಮೇಲೆ: ದೋಷವಿದ್ದ ಹಳೆಯ ಬೂಟ್ ಮ್ಯಾನೇಜರಿನ ಸಹಿಯನ್ನು ಯಂತ್ರಗಳು ಆಮೇಲೂ ಒಪ್ಪುತ್ತಿದ್ದವು. ಹಾಗಾಗಿ ಪಿಸಿಆರ್ ಸಹಿಯ ಕೀಲಿಯನ್ನೂ ಸೆಕ್ಯೂರ್ ಬೂಟ್ ಕೀಲಿಯನ್ನೂ ಎರಡನ್ನೂ ಹೊಸದಾಗಿ ಮಾಡಿ ಹಳೆಯವನ್ನು ಕೈಬಿಟ್ಟರು.

ಯಾವುದು ತಾನಾಗಿ ತೆರೆಯಬೇಕು?

ಇಷ್ಟೆಲ್ಲ ಆದ ಮೇಲೂ ಟಿಪಿಎಂ ಚಿಪ್ಪಿನ ಪ್ರಶ್ನೆ ಉಳಿದೇ ಇತ್ತು. ಬೇರೆ ಚಿಪ್ ಆಗಿರುವ ಟಿಪಿಎಂ ಮತ್ತು ಪ್ರೊಸೆಸರ್ ನಡುವಿನ ತಂತಿಗಳಲ್ಲಿ ಕೀಲಿ ಹರಿಯುವುದನ್ನು ಹಿಡಿಯಬಹುದು. ರಾಸ್ಪ್‌ಬೆರಿ ಪೈ ಪಿಕೋ ಕೂರಿಸಿದ ಒಂದು ಅಗ್ಗದ ಬೋರ್ಡಿನಿಂದ ಬಿಟ್‌ಲಾಕರ್ ಕೀಲಿಯನ್ನು 43 ಸೆಕೆಂಡಿನಲ್ಲಿ ತೆಗೆದದ್ದನ್ನು 2024ರ ಫೆಬ್ರವರಿಯಲ್ಲಿ ಪ್ರದರ್ಶಿಸಿದ್ದರು. ಸಿಸ್ಟಮ್‌ಡಿಯ ಹೊಸ ಆವೃತ್ತಿಗಳು ಈ ಸಂವಾದವನ್ನೂ ಎನ್‌ಕ್ರಿಪ್ಟ್ ಮಾಡುತ್ತವೆ, ಆದರೆ ಸೋಲ್ಡರಿಂಗ್ ಬಲ್ಲವರಿಗೆ ಬೇರೆ ದಾರಿಗಳಿವೆ. ಪ್ರೊಸೆಸರಿನೊಳಗಿನ ಟಿಪಿಎಂಗಳೂ ಅಭೇದ್ಯವಲ್ಲ. ವೋಲ್ಟೇಜ್ ಏರುಪೇರು ಮಾಡಿ ಎಎಂಡಿಯ ಇಂಥ ಟಿಪಿಎಂ ಭೇದಿಸಿದ್ದನ್ನು ಬರ್ಲಿನ್‌ನ ಸಂಶೋಧಕರು 2023ರಲ್ಲಿ ತೋರಿಸಿದರು. ಟಿಪಿಎಂಗೆ ಪಿನ್ ಸೇರಿಸಿದರೆ ಇದರಲ್ಲಿ ಬಹುಪಾಲು ನಿಲ್ಲುತ್ತದೆ. ಆದರೆ ರಾತ್ರಿ ಪಿನ್ ಹೊಡೆಯುವವರು ಯಾರು? ಮತ್ತೆ ಮೊದಲಿನ ಜಾಗಕ್ಕೇ ಬಂದರು.

ಗಂಟು ಬಿಡಿಸಿದ್ದು ಒಂದು ಸರಳ ವಿಚಾರ. ರಾತ್ರಿ ತಾನಾಗಿ ತೆರೆಯಬೇಕಾದದ್ದು ಬ್ಯಾಕಪ್ಪಿಗಾಗಿ. ಬ್ಯಾಕಪ್ಪಿಗೆ ಪ್ರಧಾನ ಕಚೇರಿಯ ಸಂಪರ್ಕ ಬೇಕೇ ಬೇಕು. ಸಂಪರ್ಕ ಇಲ್ಲದ ರಾತ್ರಿ ಸದಸ್ಯರ ಮಾಹಿತಿ ತೆರೆದು ಯಾವ ಪ್ರಯೋಜನವೂ ಇಲ್ಲ. ಹಾಗಿದ್ದರೆ ಆ ಮಾಹಿತಿಯ ಕೀಲಿ ಸಂಪರ್ಕದ ಮೇಲೆಯೇ ನಿಲ್ಲಲಿ.

ಡಿಸ್ಕನ್ನು ಎರಡು ಭಾಗ ಮಾಡಿದರು. 60 ಜಿಬಿ ರೂಟ್ ಭಾಗ ಟಿಪಿಎಂನಿಂದ ತೆರೆಯುತ್ತದೆ, ಅದರಲ್ಲಿ ಸದಸ್ಯರ ಮಾಹಿತಿ ಏನೂ ಇಲ್ಲ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಪ್ರತಿ ಬೂಟಿಗೂ ಹೊಸ ತಾತ್ಕಾಲಿಕ ಕೀಲಿ. ಉಳಿದದ್ದು ಮಾಹಿತಿ ಭಾಗ. ಅದು ಕ್ಲೆವಿಸ್ ಎಂಬ ಪ್ರೋಗ್ರಾಮ್ ಮೂಲಕ ಪ್ರಧಾನ ಕಚೇರಿಯ ಟ್ಯಾಂಗ್ ಸರ್ವರಿಗೆ ಕಟ್ಟಿಕೊಂಡಿದೆ. ಟ್ಯಾಂಗ್ ಯಾರ ಕೀಲಿಯನ್ನೂ ಇಟ್ಟುಕೊಳ್ಳುವುದಿಲ್ಲ. ಶಾಖೆಯ ಯಂತ್ರ ಅದರೊಂದಿಗೆ ಒಂದು ಗಣಿತದ ವಿನಿಮಯ ನಡೆಸಿ ಕೀಲಿಯನ್ನು ತಾನೇ ಪಡೆಯುತ್ತದೆ, ಆ ಕೀಲಿ ತಂತಿಯ ಮೇಲೆ ಹಾದುಹೋಗುವುದೂ ಇಲ್ಲ. ಶಾಖೆಯ ರೂಟರಿನಲ್ಲಿ ಪ್ರಧಾನ ಕಚೇರಿಗೆ ಸುರಂಗ ಸಂಪರ್ಕ (ವಿಪಿಎನ್) ಮೊದಲೇ ಇದ್ದುದರಿಂದ ಸರ್ವರಿನಲ್ಲಿ ಹೊಸ ಜೋಡಣೆ ಬೇಕಾಗಲಿಲ್ಲ. ಟ್ಯಾಂಗ್ ಆ ಸುರಂಗದ ಒಳಗಷ್ಟೇ ಸಿಗುತ್ತದೆ. ಇಂಟರ್ನೆಟ್ ಸತ್ತ ದಿನ ಶಾಖಾ ವ್ಯವಸ್ಥಾಪಕರು ಬೆಳಿಗ್ಗೆ ಬಂದು ಪಾಸ್‌ವರ್ಡ್ ಹೊಡೆದು ಮಾಹಿತಿ ಭಾಗ ತೆರೆಯುತ್ತಾರೆ.

ಕಳ್ಳ ಸರ್ವರಿನ ಜೊತೆ ರೂಟರನ್ನೂ ಒಯ್ದರೆ? ಸುರಂಗದ ಗುರುತಿನ ಚೀಟಿ ರೂಟರಿನಲ್ಲಿದೆ, ಬೇರೆ ಮನೆಯ ಇಂಟರ್ನೆಟ್ಟಿಗೆ ಹಾಕಿದರೂ ಅದು ಪ್ರಧಾನ ಕಚೇರಿಯನ್ನು ತಲುಪುತ್ತದೆ. ಇದಕ್ಕಾಗಿಯೇ ಶಾಖೆಗಳಲ್ಲಿ ಅಂಟಿಸಿದ ತುರ್ತು ಸೂಚನೆಯ ಮೊದಲ ಸಾಲು ಬದಲಾಯಿತು: ಬೀಗ ಒಡೆದದ್ದು ಕಂಡ ತಕ್ಷಣ ಪ್ರಧಾನ ಕಚೇರಿಗೆ ಫೋನ್ ಮಾಡಿ ಆ ಶಾಖೆಯ ಸುರಂಗ ಕಡಿಸುವುದು, ಪೊಲೀಸರಿಗೆ ಹೇಳುವುದು ಅದರ ಬೆನ್ನಿಗೆ. ರೂಟರ್ ಈಗ ಸರ್ವರಿನ ಪಕ್ಕದಲ್ಲಿಲ್ಲ, ಬೇರೆ ಕೋಣೆಯ ಗೋಡೆಗೆ ಬಿಗಿದ ಬೀಗದ ಪೆಟ್ಟಿಗೆಯಲ್ಲಿದೆ. ಕಳವು ರಾತ್ರಿ ನಡೆದು ಬೆಳಿಗ್ಗೆ ಗೊತ್ತಾಗುವ ಆ ನಡುವಿನ ಹೊತ್ತು ಮಾತ್ರ ಅಪಾಯವಾಗಿ ಉಳಿದಿದೆ, ಮಂಡಳಿ ಅದನ್ನು ತಿಳಿದೇ ಒಪ್ಪಿಕೊಂಡಿದೆ.

ಆಮೇಲೆ ಆದದ್ದು

ಸೆಕ್ಯೂರ್ ಬೂಟ್‌ನ ನಿಷೇಧ ಪಟ್ಟಿ ಅಪ್‌ಡೇಟ್ ಆದಾಗ ಒಂದು ಶಾಖೆಯಲ್ಲಿ ಪಿಸಿಆರ್ 7 ಬದಲಾಗಿ, ರೂಟ್ ತೆರೆಯದೆ ಕೌಂಟರ್ ತಡವಾಗಿ ಶುರುವಾಯಿತು. ಪ್ರತಿ ಯಂತ್ರಕ್ಕೂ ಮಾಡಿಟ್ಟಿದ್ದ ಮರುಪ್ರಾಪ್ತಿ ಕೀಲಿ ಪ್ರಧಾನ ಕಚೇರಿಯ ತಿಜೋರಿಯಲ್ಲಿತ್ತು; ಫೋನಿನಲ್ಲಿ ಓದಿ ಹೇಳಿ ತೆರೆಸಿದರು, ಬಳಸಿದ ಆ ಕೀಲಿಯನ್ನು ಅದೇ ದಿನ ಬದಲಿಸಿದರು. ಈಗ ಫರ್ಮ್‌ವೇರ್ ಅಪ್‌ಡೇಟುಗಳು ಬಿಡಿ ಯಂತ್ರದಲ್ಲಿ ನೋಡಿದ ಮೇಲೆ, ಭಾನುವಾರ, ಒಂದು ಸಲಕ್ಕೆ ಒಂದೇ ಶಾಖೆಗೆ.

ಹೊಸ ಕರ್ನಲ್ ಇಮೇಜ್ ಕಟ್ಟಿದಾಗಲೆಲ್ಲ ಬಿಡಿ ಯಂತ್ರದಲ್ಲಿ ಆಕ್ರಮಣದ ದಾರಿಗಳನ್ನೆಲ್ಲ ಮತ್ತೆ ನಡೆಸಿ ನೋಡುತ್ತಾರೆ: ಆದೇಶ ಸಾಲು ತಿದ್ದುವುದು, ಲೈವ್ ಯುಎಸ್‌ಬಿ, ಅದೇ ಯುಯುಐಡಿಯ ನಕಲಿ ಲಕ್ಸ್ ವಿಭಾಗ, ಎನ್‌ಕ್ರಿಪ್ಷನ್ ಇಲ್ಲದ ನಕಲಿ ರೂಟ್, ಹಿಂದಿನ ಇಮೇಜಿನಿಂದ ಬೂಟ್, ಕಾರ್ಖಾನೆ ಕೀಲಿಗಳಿಗೆ ಮರಳಿಸುವುದು. ರೂಟ್ ಭಾಗದ ಹೆಡರಿನಲ್ಲಿ ಇರಬೇಕಾದ ಸ್ಲಾಟುಗಳು ಎರಡೇ, ಒಂದು ಟಿಪಿಎಂ, ಒಂದು ಮರುಪ್ರಾಪ್ತಿ, ಅದನ್ನೂ ಎಣಿಸುತ್ತಾರೆ. ಆಕ್ರಮಣದ ಈ ದಾರಿಗಳಲ್ಲಿ ಒಂದರಿಂದಾದರೂ ಡಿಸ್ಕ್ ತೆರೆದರೆ ಆ ಇಮೇಜ್ ಶಾಖೆಗಳಿಗೆ ಹೋಗುವುದಿಲ್ಲ.